ಚಂದ್ರಿಗೆ ಎಷ್ಟು ಹೇಳಬೇಕು ಅಂತ ಕೇಳಿದ್ದೆಯಲ್ಲ

ಜಮಖಂಡಿ

ತಮ್ಮಾ, ಆಶೀರ್ವಾದ.

ನಿನ್ನ ಪತ್ರ ಮೊನ್ನೆ ಸಂಜೆ ಬಂತು. ಎರಡು ಸಲ ಓದಿ ಮಡಚಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ, ಎದ್ದು ದೀಪ ಹಾಕಿ ಮತ್ತೆ ಓದಿದೆ. ಮಾರಲು ಇಟ್ಟಿರುವ ಕುದುರೆ ಚಂದ್ರಿಗೆ 2,50,000 ರೂಪಾಯಿ ಹೇಳಿದ್ದೀಯ. ನಾಲ್ಕು ತಿಂಗಳಾಯ್ತು, ಗಿರಾಕಿ ನಿಲ್ಲುತ್ತಿಲ್ಲ. ಎಷ್ಟು ಹೇಳಲಿ ಕಾಕಾ ಅಂತ ಕೇಳಿದ್ದೀಯ. ಅದಕ್ಕೆ ಉತ್ತರ ಹೇಳಬಹುದು. ಆದರೆ ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀಯ ನೋಡು, "ರೇಟು ಇಳಿಸಿದರೆ ಅವಳು ಯಾರ ಕೈಗೆ ಹೋಗಿ ಬೀಳ್ತಾಳೋ ಅಂತ ಹೆದರಿಕೆ" ಅಂತ. ನನ್ನ ನಿದ್ದೆ ಕೆಡಿಸಿದ್ದು ಆ ಸಾಲು.

ಇದೇ ಮಾತನ್ನು ನಾನು ಆಡಿದ್ದೆ. ಇದೇ ಕಟ್ಟೆಯ ಮೇಲೆ ಕೂತು, ನಿನ್ನ ಅಪ್ಪನ ಮುಂದೆ. ಅಣ್ಣ ಆಗ ಏನೂ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

1994ರ ಮಾತು. ಸರ್ಜಾ ಅಂತ ನನ್ನ ಹತ್ತಿರ ಒಂದು ಕೆಂದು ಕುದುರೆ ಇತ್ತು. ನೀನು ಅದರ ಹೆಸರು ಮಾತ್ರ ಕೇಳಿರಬೇಕು. ಯಾಕೆ ಹೋಯಿತು, ಎಲ್ಲಿಗೆ ಹೋಯಿತು ಅಂತ ಮನೆಯಲ್ಲಿ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ದೊಡ್ಡ ಜಾತಿಯ ಕುದುರೆ ಏನಲ್ಲ. ಹೊಲಕ್ಕೆ ಹೋಗಿ ಬರಲು, ಜಾತ್ರೆಗೆ ಹೋಗಲು ಸಾಕು ಅನ್ನುವಂಥದ್ದು. ಮೊದಲ ವರ್ಷ ಬೇರೆ ಕುದುರೆಯ ಜೀನನ್ನು ಹಾಗೇ ಹಾಕಿ ಹತ್ತಿದೆ. ಅದು ಸರಿಯಾಗಿ ಕೂಡುತ್ತಿರಲಿಲ್ಲ. ಬೆನ್ನ ಮೇಲೆ ಗಾಯ ಆಯಿತು. ಗಾಯ ಮಾಯ್ದ ಮೇಲೆ ಆ ಜಾಗದಲ್ಲಿ ಬಿಳಿ ಕೂದಲು ಬಂತು. ರೂಪಾಯಿ ನಾಣ್ಯದಷ್ಟು ಒಂದು, ಅದರ ಪಕ್ಕಕ್ಕೆ ಹುಣಸೆ ಬೀಜದಷ್ಟು ಇನ್ನೊಂದು. ಜೀನಿನ ಗಾಯ ಆದಲ್ಲಿ ಹೀಗೇ ಆಗುತ್ತದೆ, ಮತ್ತೆ ಆ ಕೂದಲು ಕೆಂಪಾಗುವುದಿಲ್ಲ. ದಿನಾ ಮೈ ಉಜ್ಜುವಾಗ ಆ ಎರಡು ಚುಕ್ಕೆಗಳ ಮೇಲೆ ಕೈ ಹೋಗುತ್ತಿತ್ತು.

ಮಾರಬೇಕಾಗಿ ಬಂದಾಗ 20,000 ಹೇಳಿದೆ. ಆಗಿನ ಕಾಲಕ್ಕೆ, ಅಂಥ ಕುದುರೆಗೆ ಅದು ಬಹಳ ಜಾಸ್ತಿ. ನನಗೂ ಗೊತ್ತಿತ್ತು. ಹೆಚ್ಚು ದುಡ್ಡು ಕೊಟ್ಟವನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಅನ್ನುವುದು ನನ್ನ ಲೆಕ್ಕ. ನಿನ್ನ ಲೆಕ್ಕವೂ ಅದೇ ಅಲ್ವಾ?

ಮುಧೋಳದ ಕಡೆಯಿಂದ ಒಬ್ಬ ಮಾಸ್ತರರು ಬಂದರು. ಕುದುರೆಯ ನಾಲ್ಕೂ ಗೊರಸು ಎತ್ತಿ ನೋಡಿದರು. ಹುರುಳಿ ನೆನೆಸಿ ಕೊಡ್ತೀರೋ ಬೇಯಿಸಿ ಕೊಡ್ತೀರೋ ಅಂತ ಕೇಳಿದರು. ರಾತ್ರಿ ಎಷ್ಟು ಮೇವು, ನೀರು ಎಷ್ಟು ಹೊತ್ತಿಗೆ, ಗುಡುಗಿಗೆ ಹೆದರುತ್ತದೆಯೇ, ಎಲ್ಲ ಕೇಳಿದರು. ಕೊನೆಗೆ 12,000 ಅಂದರು. ನಾನು ಇಲ್ಲ ಅಂದೆ. ಹದಿನೈದು ದಿನ ಬಿಟ್ಟು ಮತ್ತೆ ಬಂದರು, 13,500ಕ್ಕೆ ಏರಿದರು, ಸಂಚಕಾರದ ದುಡ್ಡು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು. ಐನೂರು ಐನೂರಕ್ಕೆ ಎಳೆದಾಡುವ ಮನುಷ್ಯ ಕುದುರೆಗೆ ಏನು ಹಾಕ್ತಾನೆ ಅಂದುಕೊಂಡು ಅವರನ್ನು ಬರಿಗೈಯಲ್ಲಿ ಕಳಿಸಿದೆ. ಅವರು ಚೌಕಾಸಿ ಮಾಡಿದ್ದು ಮುಂದಿನ ಮೇವಿನ ಖರ್ಚನ್ನು ಮನಸ್ಸಿನಲ್ಲಿ ಎಣಿಸುತ್ತಿದ್ದರಿಂದ. ಇದು ನನಗೆ ಹೊಳೆಯಲು ಎಷ್ಟೋ ವರ್ಷ ಬೇಕಾಯಿತು.

ಆ ವರ್ಷ ನಮ್ಮ ಹೊಲದಲ್ಲಿ ಜೋಳ ಬರಲಿಲ್ಲ. ಜೋಳ ಇಲ್ಲ ಅಂದರೆ ಕಣಕಿ, ಅಂದರೆ ಮೇವಿನ ದಂಟೂ ಇಲ್ಲ. ಕೊಂಡು ಹಾಕಿದೆ. ಅವ್ವ ಆಸ್ಪತ್ರೆಗೆ ಸೇರಿದಳು. ಒಂದು ದಿನ ಕತ್ತಲಾದ ಮೇಲೆ ದಲಾಲಿ ಒಬ್ಬ ಬಂದ. 7,000 ಎಣಿಸಿ ಕೊಟ್ಟ. ಎಲ್ಲಿಗೆ ಒಯ್ತೀಯಪ್ಪ ಅಂತ ನಾನು ಕೇಳಲಿಲ್ಲ. ಕೇಳಿದರೆ ಅವನು ಹೇಳಿಬಿಡುತ್ತಾನೆ ಅನ್ನುವ ಭಯಕ್ಕೆ ಕೇಳಲಿಲ್ಲ. ನಮ್ಮ ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟ, ತನ್ನ ಹಗ್ಗ ಹಾಕಿದ, ಹೊಡೆದುಕೊಂಡು ಹೋದ. ಆ ಹಗ್ಗವನ್ನು ಅಟ್ಟದ ಮೇಲೆ ಹಾಕಿದೆ, ಇನ್ನೂ ನಮ್ಮಲ್ಲೇ ಇದೆ.

ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲು ನಮಗೆ ಎಲ್ಲದಕ್ಕೂ ಬಿಜಾಪುರವೇ ಕಚೇರಿ. ಸರ್ಜಾನನ್ನು ಮಾರಿದ ಮರುವರ್ಷ ಒಂದು ಕಾಗದದ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಗಾಂಧಿ ಚೌಕದಲ್ಲಿ ಟಾಂಗಾಗಳು ನಿಂತಿದ್ದವು. ಗೋಳಗುಮ್ಮಟ, ಸ್ಟೇಶನ್ ಅಂತ ಕೂಗುತ್ತಿದ್ದರು. ಮೂರನೇ ಟಾಂಗಾದವನು ಕುದುರೆಯ ಬೆನ್ನ ಮೇಲಿನ ಗಾದಿ ಸರಿಸಿ ಬೆವರು ಒರೆಸುತ್ತಿದ್ದ. ರೂಪಾಯಿಯಷ್ಟು ಒಂದು, ಹುಣಸೆ ಬೀಜದಷ್ಟು ಒಂದು. ಸರ್ಜಾ ಅಂತ ಕರೆದೆ. ಒಂದು ಕಿವಿ ನನ್ನ ಕಡೆ ತಿರುಗಿಸಿತು. ತಲೆ ಎತ್ತಲಿಲ್ಲ.

ಟಾಂಗಾದವನು ಕೆಟ್ಟ ಮನುಷ್ಯ ಅಲ್ಲ. ಕೈ ಮೂರು ಬದಲಾಗಿ ಅವನಿಗೆ ಬಂದಿತ್ತು, 11,000 ಕೊಟ್ಟಿದ್ದ, ಅದೂ ಸಾಲ. ಅವನ ಮನೆ ನಡೆಯುವುದೇ ಆ ಕುದುರೆಯ ಮೇಲೆ. ಆದರೆ ಸರ್ಜಾ ಗಾಡಿ ಎಳೆದು ಬೆಳೆದ ಕುದುರೆ ಅಲ್ಲ, ವಯಸ್ಸು ಬೇರೆ ಆಗಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ನಾನು ಕಚೇರಿಗೆ ಹೋದೆ. ಮರಳಿ ಬರುವಾಗ ಬೇರೆ ಹಾದಿ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದೆ. ಆ ಬೇರೆ ಹಾದಿ ಹಿಡಿದದ್ದನ್ನು ಇವತ್ತಿಗೂ ಮರೆಯಲು ಆಗಿಲ್ಲ.

ಇಷ್ಟು ಬರೆಯಬೇಕು ಅಂತ ಇರಲಿಲ್ಲ ತಮ್ಮಾ. ನಿನ್ನ ಪ್ರಶ್ನೆಗೆ ಬರುತ್ತೇನೆ.

2,50,000 ಅಂತ ನಿನಗೆ ಯಾರು ಹೇಳಿದರು? ಫೋನಿನಲ್ಲಿ ಮಹಾರಾಷ್ಟ್ರದ ಸಾರಂಗಖೇಡ ಕುದುರೆ ಜಾತ್ರೆಯ ವಿಡಿಯೋ ನೋಡಿರಬೇಕು. ನಾನೂ ಒಂದು ಸಲ ದತ್ತ ಜಯಂತಿಗೆ ಅಲ್ಲಿಗೆ ಹೋಗಿದ್ದೆ, ತಾಪಿ ನದಿಯ ದಂಡೆಗೆ. ಅಲ್ಲಿ ಲಕ್ಷಗಟ್ಟಲೆ ಹೇಳುವುದು ಎತ್ತರದ ಮಾರವಾಡಿ ಕುದುರೆಗೆ, ಮದುವೆ ಮೆರವಣಿಗೆಗೆ ಬೇಕಾಗುವ ಬಿಳಿ ನುಕ್ರಾಗೆ, ಕಿವಿಯ ತುದಿಗೆ ತುದಿ ತಾಗುವ, ಕೂದಲ ಸುಳಿ ಶುದ್ಧ ಇರುವ ಮರಿಗೆ. ಮೇಲಾಗಿ ಅದು ಹೇಳುವ ಬೆಲೆ. ಬಿಡುವ ಬೆಲೆಯನ್ನು ಯಾರೂ ಕೂಗಿ ಹೇಳುವುದಿಲ್ಲ. ಎಷ್ಟೋ ವ್ಯಾಪಾರ ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಗುಟ್ಟಾಗಿ ಬೆಲೆ ತಿಳಿಸಿಯೇ ಮುಗಿಯುತ್ತದೆ.

ನಮ್ಮ ಚಂದ್ರಿ ಒಳ್ಳೆಯವಳು. ಆದರೆ ಸಾಧಾರಣ ಕುದುರೆ. ಹೀಗೆ ಬರೆಯಲು ನನಗೂ ಕೈ ಬರುವುದಿಲ್ಲ. 57 ಇಂಚು ಎತ್ತರ, ಕಂದು ಬಣ್ಣ, ಹಣೆಯ ಮೇಲೆ ಜೋಡಿ ಸುಳಿ. ಸುಳಿ ನೋಡಿ ಶಕುನ ಹೇಳುವವರು ಅಲ್ಲೇ ಹಿಂದೆ ಸರಿಯುತ್ತಾರೆ, ಅವರ ಜೊತೆ ವಾದ ಮಾಡಬೇಡ. ಒಂಬತ್ತು ವರ್ಷ ಅಂತ ಬರೆದಿದ್ದೀಯ. ಅಣ್ಣ ಅವಳನ್ನು ತಂದಾಗ ನಾನೇ ಬಾಯಿ ತೆರೆದು ನೋಡಿದ್ದೆ, ಆಗಲೇ ಬಾಯಿಗೂಡಿತ್ತು. ಬಾಯಿಗೂಡಿದೆ ಅಂದರೆ ಐದು ತುಂಬಿದೆ ಅಂತ. ತಂದು ಏಳು ವರ್ಷವಾಯಿತು. ನಿನಗೆ ಅನುಮಾನ ಇದ್ದರೆ ಮೇಲಿನ ಸಾಲಿನ ಮುಂದಿನ ಹಲ್ಲುಗಳಲ್ಲಿ ಕೊನೆಯದನ್ನು, ಮೂಲೆಯ ಹಲ್ಲನ್ನು ನೋಡು. ವಸಡಿನಿಂದ ಒಂದು ಕಂದು ಗೀರು ಇಳಿದಿರುತ್ತದೆ. ಸುಮಾರು ಹತ್ತು ವರ್ಷಕ್ಕೆ ಅದು ಕಾಣಿಸಿಕೊಳ್ಳುತ್ತದೆ, ಹದಿನೈದಕ್ಕೆ ಅರ್ಧ ಹಲ್ಲಿಗೆ ಬರುತ್ತದೆ. ನೀನು ಒಂಬತ್ತು ಅಂತ ಹೇಳಿ, ಬಂದವನು ತುಟಿ ಎತ್ತಿ ಆ ಗೀರು ನೋಡಿದ ಅಂದರೆ, ಆಮೇಲೆ ನಿನ್ನ ಯಾವ ಮಾತನ್ನೂ ನಂಬುವುದಿಲ್ಲ. ಅವಳು ಟ್ರ್ಯಾಕ್ಟರಿಗೆ ಬೆದರುವುದಿಲ್ಲ, ಮಕ್ಕಳನ್ನು ಕೂರಿಸಿದರೆ ಹೆಜ್ಜೆ ಸಣ್ಣದು ಮಾಡುತ್ತಾಳೆ ಅನ್ನುವ ನಿಜವನ್ನೂ ನಂಬುವುದಿಲ್ಲ. ಅವಳ ಬೆಲೆ ಇರುವುದೇ ಅದರಲ್ಲಿ.

ಹೋದ ವರ್ಷ ನಮ್ಮ ಸುತ್ತಮುತ್ತ ಇಂಥವೇ ಎರಡು ಕೈ ಬದಲಾದವು. ಒಂದು 80,000ಕ್ಕೆ ಹೋಯಿತು. ಇನ್ನೊಂದು ಏಳು ವರ್ಷದ್ದು, 1,05,000ಕ್ಕೆ. ಇವು ಹೇಳಿದ ಬೆಲೆ ಅಲ್ಲ, ಎಣಿಸಿದ ದುಡ್ಡು. ನನ್ನನ್ನು ಕೇಳಿದರೆ 1,10,000 ಹೇಳು, 95,000ದ ಹತ್ತಿರ ಬಿಡು. ಕಡಿಮೆ ಅನ್ನಿಸುತ್ತದೆ, ಗೊತ್ತು. ಅಣ್ಣ ಅವಳ ಮೇಲೆ ಎಷ್ಟು ಹಾಕಿದ್ದಾನೆ ಅಂತಲೂ ಗೊತ್ತು. ಆದರೆ ಕೊಳ್ಳುವವನು ನಾವು ತಿನ್ನಿಸಿದ ಹುರುಳಿಗೆ ದುಡ್ಡು ಕೊಡುವುದಿಲ್ಲ, ಅಣ್ಣನ ನೆನಪಿಗೂ ಕೊಡುವುದಿಲ್ಲ. ಬೆಳಿಗ್ಗೆ ಜೀನು ಹಾಕಿದರೆ ನೆಟ್ಟಗೆ ನಡೆಯುತ್ತಾಳಾ, ಅದಕ್ಕೆ ಕೊಡುತ್ತಾನೆ.

ಮತ್ತೆ ನಿನ್ನ ಹೆದರಿಕೆಯ ಮಾತು. 2,50,000 ಕೊಡುವ ಶಕ್ತಿ ಇದ್ದವನು ಚಂದ್ರಿಯನ್ನು ನೋಡಲು ಬರುವುದೇ ಇಲ್ಲ, ಅವನಿಗೆ ಬೇಕಾದ್ದು ಬೇರೆ ಕುದುರೆ. ಚಂದ್ರಿಯಂಥವಳನ್ನೇ ಹುಡುಕುವವರ ಹತ್ತಿರ ಅಷ್ಟು ದುಡ್ಡು ಇರುವುದಿಲ್ಲ, ಬೆಲೆ ಕೇಳಿ ಫೋನ್ ಇಟ್ಟುಬಿಡುತ್ತಾರೆ. ಇನ್ನು ಉಳಿಯುವವನು ದಲಾಲಿ. ಅವನಿಗೆ ಅವಸರ ಇಲ್ಲ. ನಿನ್ನ ಬಣವೆ ಎಷ್ಟು ಇಳಿದಿದೆ ಅಂತ ರಸ್ತೆಯಿಂದಲೇ ನೋಡಿಕೊಂಡು ಹೋಗುತ್ತಾನೆ. ಮೇವು, ಹುರುಳಿ, ಹೊಟ್ಟು ಸೇರಿ ದಿನಕ್ಕೆ 220 ಅಂತ ನೀನೇ ಬರೆದಿದ್ದೀಯ. ನಾಲ್ಕು ತಿಂಗಳಿಗೆ 26,000ಕ್ಕೂ ಮೇಲೆ ಹೋಯಿತು, ನಾಲು ಹೊಡೆಸಿದ್ದು ಬೇರೆ. ದುಡ್ಡು ಹೋಗಲಿ. ನನಗೆ ಭಯ ಆಗುವುದು ನೀನು ದಣಿಯುವ ದಿನದ ಬಗ್ಗೆ. ದಣಿದ ದಿನ ಯಾರು ಬಂದರೂ ಹಗ್ಗ ಕೊಟ್ಟುಬಿಡುತ್ತೇವೆ.

ಬೆಳಗಾವಿಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು, ಮಕ್ಕಳಿಗೆ ಸವಾರಿ ಕಲಿಸುತ್ತಾಳೆ, 85,000 ಕೇಳಿದಳು, ನಾನು ಬೇಡ ಅಂದೆ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯ. ಅವಳು ಏನೇನು ಕೇಳಿದಳು? ಕಾಲು ಎತ್ತಿ ನೋಡಿದಳಾ? ಚಂದ್ರಿ ಏನು ತಿನ್ನುತ್ತಾಳೆ ಅಂತ ಕೇಳಿದಳಾ? ಅದನ್ನು ನನಗೆ ಬರೆ. ನಂಬರು ಇದ್ದರೆ ನೀನೇ ಫೋನ್ ಮಾಡು, ಅದರಲ್ಲಿ ಸಣ್ಣತನ ಏನಿಲ್ಲ. ನಾನು ಮಾಸ್ತರರ ಮನೆಗೆ ಮತ್ತೆ ಹೋಗಲು ನಾಚಿದೆ. ಮುಧೋಳ ಇಲ್ಲಿಂದ ಎಷ್ಟು ದೂರ ಹೇಳು.

ಆ ಹೆಣ್ಣುಮಗಳ ಲಾಯ ನೋಡಿ ಬಾ. ಉಳಿದ ಕುದುರೆಗಳ ಬೆನ್ನು ನೋಡು, ಬಿಳಿ ಚುಕ್ಕೆ ಇವೆಯೇ ಅಂತ. ಚಂದ್ರಿಯ ಎಡ ಮುಂಗಾಲಿನ ಗೊರಸಿನ ಬಿರುಕನ್ನು ನೀನಾಗೇ ತೋರಿಸು, ಅವಳು ಕಾಣುವ ಮೊದಲು. ಪಶು ಡಾಕ್ಟರರನ್ನು ಕರೆಸಿ ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಮಾಡಿಸಿ ಕಾಗದ ಇಟ್ಟುಕೋ. ಅದು ಮನುಷ್ಯರಿಗೂ ತಗಲುವ ರೋಗ, ಮಕ್ಕಳು ಹತ್ತುವ ಜಾಗಕ್ಕೆ ಕಾಗದ ಇಲ್ಲದೆ ಕಳಿಸಬಾರದು. ಜೀನು ಚಂದ್ರಿಯ ಬೆನ್ನಿಗೇ ಅಳತೆ ಮಾಡಿ ಹೊಲಿಸಿದ್ದು, ಅದಕ್ಕೆ ಬೇರೆ ದುಡ್ಡು ಕೇಳಬೇಡ, ಜೊತೆಗೆ ಕೊಟ್ಟುಬಿಡು. ಮುಂದೆ ಮಾರುವಂತಾದರೆ ಮೊದಲು ನಮಗೆ ಹೇಳಿ ಅಂತ ಒಂದು ಮಾತು ತೆಗೆದುಕೋ. ಬರೀ ಮಾತು, ಅದಕ್ಕೆ ಕಟ್ಟುಪಾಡು ಏನಿಲ್ಲ, ಆದರೂ ತೆಗೆದುಕೋ.

ಇಷ್ಟೆಲ್ಲ ಹೇಳುವ ಹಕ್ಕು ನನಗೆ ಎಷ್ಟಿದೆಯೋ ತಿಳಿಯದು. ಕುದುರೆ ನಿನ್ನದು. ಅಥಣಿಗೆ ಹೋಗುವ ನಮ್ಮೂರ ಹುಡುಗನ ಕೈಯಲ್ಲಿ ಹತ್ತು ಕಿಲೋ ಹುರುಳಿ ಕಳಿಸಿದ್ದೇನೆ. ಹೊಸ ಹುರುಳಿ, ರಾತ್ರಿ ನೆನೆಸಿ ಬೆಳಿಗ್ಗೆ ಕೊಡು, ಒಮ್ಮೆಲೇ ಜಾಸ್ತಿ ಹಾಕಬೇಡ. ಆ ಹೆಣ್ಣುಮಗಳು ಮತ್ತೆ ಬರುವ ದಿನ ಗೊತ್ತಾದರೆ ನನಗೆ ಹೇಳು. ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಅಟ್ಟದ ಮೇಲಿನ ಹಗ್ಗ ಇನ್ನೂ ಗಟ್ಟಿ ಇದೆ, ಇಳಿಸಿ ಒಗೆಸಿಟ್ಟಿದ್ದೇನೆ. ಚಂದ್ರಿಗೆ ಅದನ್ನೇ ಹಾಕಿ ಅವಳ ಕೈಗೆ ಕೊಡೋಣ ಅಂತ.

ನಿನ್ನ ಕಾಕಾ