ನರವು ವಿದ್ಯುತ್ ತಂತಿಯಲ್ಲ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುರವಣಿಗಳಲ್ಲಿ ನರಮಂಡಲದ ಪ್ರಸ್ತಾಪ ಬಂದಾಗಲೆಲ್ಲ ಮಿದುಳನ್ನು ವಿದ್ಯುತ್ ಕೇಂದ್ರವೆಂದೂ ನರಗಳನ್ನು ಅಲ್ಲಿಂದ ಹೊರಟ ತಂತಿಗಳೆಂದೂ ಬಣ್ಣಿಸುವ ರೂಢಿ ಬೇರೂರಿದೆ. ಓದಲು ಸುಲಭವಾದ ಈ ಹೋಲಿಕೆಯು ನರ ಮಾಡುವ ನಿಜವಾದ ಕೆಲಸವನ್ನೇ ಮರೆಮಾಡುತ್ತದೆ ಎಂಬುದು ನನ್ನ ಆಕ್ಷೇಪ.

ತಂತಿಯಲ್ಲಿ ದೂರ ಹೆಚ್ಚಿದಂತೆ ಸಂಕೇತ ಕ್ಷೀಣಿಸುತ್ತದೆ, ನರದಲ್ಲಿ ಹಾಗಾಗುವುದಿಲ್ಲ. ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣ ವಿಭವದಲ್ಲಿರುತ್ತದೆ. ಪ್ರಚೋದನೆಯು ನಿರ್ದಿಷ್ಟ ಮಟ್ಟವನ್ನು ದಾಟಿದೊಡನೆ ಕೋಶಪೊರೆಯಲ್ಲಿನ ಸೋಡಿಯಂ ದ್ವಾರಗಳು ತೆರೆದುಕೊಂಡು ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಾವೇಶವುಳ್ಳ ಕಣಗಳು, ಒಳನುಗ್ಗುತ್ತವೆ. ಅದರ ಬೆನ್ನಿಗೇ ಪೊಟ್ಯಾಸಿಯಂ ಅಯಾನುಗಳು ಹೊರಬಂದು ಮೊದಲಿನ ಸ್ಥಿತಿ ಮರಳುತ್ತದೆ. ಇಷ್ಟಕ್ಕೆಲ್ಲ ಒಂದೆರಡು ಮಿಲಿಸೆಕೆಂಡು ಸಾಕು. ಒಂದೆಡೆ ಆದ ಈ ಬದಲಾವಣೆ ಪಕ್ಕದ ಪೊರೆಯನ್ನು ಪ್ರಚೋದಿಸುತ್ತದೆ, ಅದು ಅದರಾಚೆಯದನ್ನು. ಹೀಗೆ ಸಂಕೇತವು ದಾರಿಯುದ್ದಕ್ಕೂ ಹೊಸದಾಗಿ ಹುಟ್ಟುತ್ತ ಹೋಗುವುದರಿಂದಲೇ ಮಿದುಳುಬಳ್ಳಿಯಿಂದ (ಬೆನ್ನುಹುರಿಯಿಂದ) ಹೊರಟದ್ದು ಕಾಲ್ಬೆರಳನ್ನು ತಲುಪುವಾಗಲೂ ಅದರ ಬಲ ಕುಂದಿರುವುದಿಲ್ಲ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಮೇಲೆ ಪ್ರಯೋಗ ನಡೆಸಿದ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ 1952ರಲ್ಲಿ ಈ ಕ್ರಿಯೆಯನ್ನು ಸಮೀಕರಣಗಳಲ್ಲಿ ಹಿಡಿದಿಟ್ಟರು. ಜೀವಶಾಸ್ತ್ರದಲ್ಲಿ ಇಷ್ಟು ನಿಖರವಾದ ವಿವರಣೆ ಅಪರೂಪವೆಂದೇ ನನ್ನ ಭಾವನೆ.

ವೇಗವೂ ಎಲ್ಲ ನರತಂತುಗಳಲ್ಲಿ ಒಂದೇ ಅಲ್ಲ. ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯುಳ್ಳ ದಪ್ಪ ತಂತುಗಳಲ್ಲಿ ಸಂಕೇತವು ಹೊದಿಕೆಯ ನಡುವಣ ತೆರವುಗಳಾದ ಗಂಟುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ ಸೆಕೆಂಡಿಗೆ 100 ಮೀಟರಿಗೂ ಮಿಗಿಲಾದ ವೇಗದಲ್ಲಿ ಸಾಗಬಲ್ಲದು. ಹೊದಿಕೆಯಿಲ್ಲದ ನೋವಿನ ತಂತುಗಳಲ್ಲಿ ಅದು ಸೆಕೆಂಡಿಗೆ ಸುಮಾರು ಒಂದು ಮೀಟರ್ ಮಾತ್ರ. ಕಾಲು ಎಡವಿದಾಗ ತಾಗಿದ್ದು ಮೊದಲು ತಿಳಿದು, ಮಂದವಾದ ನೋವು ತುಸು ತಡವಾಗಿ ಏಳುವುದು ಇದರಿಂದಲೇ. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದಲ್ಲಿ ಮಿದುಳು ಮತ್ತು ಮಿದುಳುಬಳ್ಳಿಯೊಳಗಿನ ಈ ಹೊದಿಕೆ ಹಾಳಾಗಿ ಸಂಕೇತ ನಿಧಾನವಾಗುತ್ತದೆ ಇಲ್ಲವೇ ನಿಂತೇ ಹೋಗುತ್ತದೆ.

ಇನ್ನು, ಒಂದು ನರಕೋಶ ಮುಗಿದು ಮತ್ತೊಂದು ತೊಡಗುವಲ್ಲಿ, ಬಹುತೇಕ ಕಡೆ, ಸಂಕೇತದ ರೂಪವೇ ಬದಲಾಗುತ್ತದೆ. ಸೈನಾಪ್ಸ್ ಎಂಬ ಆ ಸೂಕ್ಷ್ಮ ಅಂತರವನ್ನು ದಾಟುವುದು ರಾಸಾಯನಿಕಗಳು. 1921ರಲ್ಲಿ ವಿಜ್ಞಾನಿ ಆಟೋ ಲೋವಿ ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿ, ಬಡಿತ ನಿಧಾನವಾದ ಮೇಲೆ ಅದರ ಸುತ್ತಲಿನ ದ್ರವವನ್ನು ಮತ್ತೊಂದು ಹೃದಯಕ್ಕೆ ಹಾಯಿಸಿದಾಗ ಅದರ ಬಡಿತವೂ ನಿಧಾನವಾಯಿತು. ನರದ ಸಂದೇಶವನ್ನು ದ್ರವದೊಳಗಿನ ವಸ್ತುವೊಂದು ಒಯ್ದಿತ್ತು.

ಎಲ್ಲ ಆಜ್ಞೆಯೂ ಮಿದುಳಿನಿಂದಲೇ ಹೊರಡುತ್ತದೆ ಎಂಬ ಮಾತೂ ಸರಿಯಲ್ಲ. ಮಂಡಿಯ ಕೆಳಗೆ ತಟ್ಟಿದಾಗ ಕಾಲು ಚಿಮ್ಮುವ ಪರಾವರ್ತಿತ ಪ್ರತಿಕ್ರಿಯೆ ಮಿದುಳುಬಳ್ಳಿಯಲ್ಲೇ ನಿರ್ಧಾರವಾಗುತ್ತದೆ.

ಈ ತಿಳಿವಳಿಕೆ ರೋಗಿಗಳಿಗೂ ಬೇಕು. ಹಲ್ಲು ಕೀಳುವ ಮುನ್ನ ಕೊಡುವ ಮರಗಟ್ಟಿಸುವ ಚುಚ್ಚುಮದ್ದು ಸೋಡಿಯಂ ದ್ವಾರಗಳನ್ನು ತಡೆಯುತ್ತದೆ. ಖಿನ್ನತೆಗೆ ನೀಡುವ ಹಲವು ಔಷಧಗಳು ಸೈನಾಪ್ಸ್‌ನಲ್ಲಿ ಕೆಲಸ ಮಾಡುತ್ತವೆ. ನರವನ್ನು ತಂತಿಯೆಂದು ನಂಬಿದವರಿಗೆ ಇವೆರಡೂ ಅರ್ಥವಾಗುವುದಿಲ್ಲ. ಆದ್ದರಿಂದ ನರಮಂಡಲದ ಬಗೆಗಿನ ಬರಹಗಳಲ್ಲಿ ಆ ಹೋಲಿಕೆಯನ್ನು ಕೈಬಿಟ್ಟು, ಅಯಾನು ಮತ್ತು ಸೈನಾಪ್ಸ್‌ಗಳ ಕೆಲಸವನ್ನು ಒಂದು ಸರಳ ಚಿತ್ರದೊಂದಿಗೆ ವಿವರಿಸಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ