ಇನ್ಮುಂದೆ ಜೀವವಿಮೆ ಕಂತನ್ನು ಪಿಗ್ಮಿಯವರ ಕೈಗೆ ಕೊಡಬೇಡಿ

ಪ್ರೀತಿಯ ಸದಸ್ಯರೇ, ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಕಿನಿಂದ ನಮ್ಮ ಪಿಗ್ಮಿಯವರು ನಿಮ್ಮ ಜೀವವಿಮೆ ಕಂತಿನ ಹಣ ತೆಗೆದುಕೊಳ್ಳುವುದಿಲ್ಲ. ಪಿಗ್ಮಿ ಎಂದಿನಂತೆ ನಡೆಯುತ್ತದೆ. ಅಂಗಡಿ ಬಾಗಿಲಲ್ಲೇ ಕಂತಿನ ಹಣ ಕೊಟ್ಟು ಕೈ ತೊಳೆದುಕೊಳ್ಳುವುದು ನಿಮಗೆ ಅನುಕೂಲವಾಗಿತ್ತು ಅಂತ ಗೊತ್ತು. ಆದರೂ ನಿಲ್ಲಿಸಲೇಬೇಕಾಗಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಪಿಗ್ಮಿಯವರೊಬ್ಬರು ಜ್ವರದಿಂದ 12 ದಿನ ಮಲಗಿಬಿಟ್ಟರು. ಹೂವಿನ ಅಂಗಡಿಯ ಸದಸ್ಯೆಯೊಬ್ಬರು ಕೊಟ್ಟಿದ್ದ, ಮೂರು ತಿಂಗಳಿಗೊಮ್ಮೆ ಕಟ್ಟುವ ಕಂತು ಅವರ ಚೀಲದಲ್ಲೇ ಇತ್ತು. ನೋಟುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ, ಪಾಲಿಸಿ ನಂಬರಿನ ಚೀಟಿ ಸಿಕ್ಕಿಸಿ, ಜೋಪಾನವಾಗಿಯೇ ಇಟ್ಟಿದ್ದರು. ಅಷ್ಟರಲ್ಲಿ 30 ದಿನದ ಹೆಚ್ಚುವರಿ ಗಡುವು ದಾಟಿತ್ತು. ಎರಡು ವರ್ಷವೂ ತುಂಬದ ಪಾಲಿಸಿ, ಲ್ಯಾಪ್ಸ್ ಆಯಿತು, ಅಂದರೆ ವಿಮೆಯ ರಕ್ಷಣೆ ನಿಂತುಹೋಯಿತು. ತಡವಾದದ್ದರ ಬಡ್ಡಿಯನ್ನು ಸಂಘವೇ ಕಟ್ಟಿ ರಿವೈವ್ ಮಾಡಿಸಿತು, ಅಂದರೆ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತಂದಿತು. ಆ ನಡುವೆ ಆ ತಾಯಿಗೆ ಏನಾದರೂ ಆಗಿದ್ದರೆ? ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ತಪ್ಪು ನಮ್ಮದೇ. ಕ್ಷಮಿಸಿ.

ಕೋರ್ಟಿಗೆ ಹೋದರೂ ಇಂಥದ್ದರಲ್ಲಿ ಗೆಲ್ಲುವುದು ಕಷ್ಟ. 1987ರ ಮಾರ್ಚ್‌ನಲ್ಲಿ ಕಟ್ಟಬೇಕಿದ್ದ ಕಂತಿಗೆ ಪಾಲಿಸಿದಾರರೊಬ್ಬರು ಜೂನ್‌ನಲ್ಲಿ ಎಲ್‌ಐಸಿ ಏಜೆಂಟರಿಗೆ ಚೆಕ್ ಕೊಟ್ಟರು. ಆಗಸ್ಟ್ 9ರಂದು ತೀರಿಕೊಂಡರು. ಏಜೆಂಟರು ಹಣ ಕಟ್ಟಿದ್ದು ಮರುದಿನ! ಕಂತು ವಸೂಲಿ ಮಾಡುವ ಅಧಿಕಾರ ಏಜೆಂಟರಿಗಿಲ್ಲ, ಅವರ ಕೈಗೆ ಕೊಟ್ಟದ್ದು ನಿಗಮಕ್ಕೆ ಕೊಟ್ಟಂತಲ್ಲ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮನೆಯವರಿಗೆ ವಿಮೆ ಹಣ ಸಿಗಲಿಲ್ಲ. ಏಜೆಂಟರ ಕಥೆಯೇ ಹೀಗಾದರೆ ನಮ್ಮ ಪಿಗ್ಮಿಯವರದು ಯಾವ ಲೆಕ್ಕ, ಅಲ್ವಾ?

ಆಮೇಲೆ ಓಡಿಹೋಗಿ ಕಟ್ಟಿದರೂ ಆಗದು. 2021ರಲ್ಲಿ ತೀರ್ಮಾನವಾದ ಇನ್ನೊಂದು ಪ್ರಕರಣದಲ್ಲಿ, ಪಾಲಿಸಿದಾರರಿಗೆ ಅಪಘಾತವಾಗಿ ಮೂರು ದಿನಕ್ಕೆ ಬಾಕಿ ಕಂತು ಕಟ್ಟಿದ್ದರು. ಅಪಘಾತಕ್ಕೆಂದು ಬರಬೇಕಿದ್ದ ಹೆಚ್ಚುವರಿ 3.75 ಲಕ್ಷ ರೂಪಾಯಿ ಅವರ ಹೆಂಡತಿಯ ಕೈಸೇರಲೇ ಇಲ್ಲ.

ಹಾಗಾಗಿ ವಿಮಾ ಕಂಪನಿಯ ಕೌಂಟರಿನಲ್ಲೋ ಫೋನಿನಲ್ಲೋ ನೀವೇ ಕಟ್ಟಿ. ರಸೀದಿಯಲ್ಲಿ ನಿಮ್ಮ ಪಾಲಿಸಿ ನಂಬರ್ ಇದೆಯಾ ನೋಡಿಕೊಳ್ಳಿ. ಫೋನಿನಲ್ಲಿ ಕಟ್ಟಲು ಬಾರದವರು ಸಂಕೋಚಪಡದೆ ಸಂಘಕ್ಕೆ ಬನ್ನಿ. ನಿಮ್ಮೆದುರೇ ಕಟ್ಟಿಸಿ, ರಸೀದಿ ಪ್ರಿಂಟ್ ತೆಗೆದು ಕೊಡುತ್ತೇವೆ.

ಈಗಾಗಲೇ ಲ್ಯಾಪ್ಸ್ ಆಗಿದ್ದರೂ ಸುಮ್ನೆ ಕೈಬಿಡಬೇಡಿ. ಷೇರು ಮಾರುಕಟ್ಟೆಯ ಏರಿಳಿತಕ್ಕೆ ಜೋಡಿಸದ ಸಾಮಾನ್ಯ ಪಾಲಿಸಿಯಾದರೆ ಮೊದಲ ಬಾಕಿ ಕಂತಿನಿಂದ 5 ವರ್ಷದೊಳಗೆ ರಿವೈವಲ್‌ಗೆ ಅರ್ಜಿ ಹಾಕಬಹುದು. ಆಗ ಶುಗರ್, ಬಿಪಿ ಏನೇ ಇದ್ದರೂ ಮುಚ್ಚಿಡದೆ ಬರೆಯಿರಿ. ಕಂಪನಿ ತಕರಾರು ತೆಗೆಯಬಹುದಾದ 3 ವರ್ಷದ ಲೆಕ್ಕ ರಿವೈವಲ್ ದಿನದಿಂದ ಹೊಸದಾಗಿ ಶುರುವಾಗುತ್ತದೆ.

ನಿಮ್ಮ ಕಂತಿನ ಹಣ ಪಿಗ್ಮಿಯವರ ಬಳಿ ಇನ್ನೂ ಉಳಿದಿದ್ದರೆ ಈ ತಿಂಗಳ 25ರೊಳಗೆ ಸಂಘಕ್ಕೆ ತಿಳಿಸಿ.

ಇಂತಿ,
ಕಾರ್ಯದರ್ಶಿ,
ನಿಮ್ಮ ಪತ್ತಿನ ಸಹಕಾರ ಸಂಘ