ದೂರು: 'ಜಿಹಾದ್‌ನ ತತ್ವ ಮತ್ತು ಷರತ್ತುಗಳು' ಪಾಠದಲ್ಲಿ ಷರತ್ತುಗಳೇ ಇಲ್ಲ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು ಮತ್ತು ಪಠ್ಯ ವಿಭಾಗದ ಮುಖ್ಯಸ್ಥರು,
ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಆ್ಯಪ್,
ಬೆಂಗಳೂರು

ವಿಷಯ: ಹಣ ಪಡೆದು ಒದಗಿಸುತ್ತಿರುವ ಪಾಠ, ಪ್ರಶ್ನೆ ಮತ್ತು ಕೀ ಉತ್ತರಗಳಲ್ಲಿನ ತಪ್ಪುಗಳನ್ನು ತಿದ್ದುವ ಕುರಿತು

ಮಾನ್ಯರೇ,

ನಿಮ್ಮ ಆ್ಯಪ್‌ನ ಕನ್ನಡ ವಿಭಾಗದಲ್ಲಿ 'ಇಸ್ಲಾಂ: ಜಿಹಾದ್‌ನ ತತ್ವ ಮತ್ತು ಷರತ್ತುಗಳು' ಎಂಬ ಪಾಠವಿದೆ. 18 ಸ್ಲೈಡ್, ಕೊನೆಗೆ 10 ಪ್ರಶ್ನೆಗಳ ಕಿರುಪರೀಕ್ಷೆ. ಶೀರ್ಷಿಕೆಯಲ್ಲಿ ಷರತ್ತು ಎಂದಿದೆ, ಒಳಗೆ ಹುಡುಕಿದರೆ ಒಂದೇ ಒಂದು ಷರತ್ತೂ ಸಿಗುವುದಿಲ್ಲ. ಅರಬ್ಬಿ ಮತ್ತು ಫಿಖ್ಹ್, ಅಂದರೆ ಇಸ್ಲಾಮೀ ನ್ಯಾಯಶಾಸ್ತ್ರ ಕಲಿಸುವ ನಾವು ಕೆಲವರು ಪ್ರತಿ ಸ್ಲೈಡನ್ನೂ ಮೂಲದೊಂದಿಗೆ ಹೋಲಿಸಿ ನೋಡಿ ಈ ದೂರು ಬರೆಯುತ್ತಿದ್ದೇವೆ. ವಿಜಯನಗರ, ಚಂದ್ರಾ ಲೇಔಟ್‌ನ ಪಿಜಿ ಕೋಣೆಗಳಲ್ಲಿ ಕೂತು ಈ ಪಾಠ ಓದುವವರು ಪಿಎಸ್‌ಐ, ಕೆಎಎಸ್ ಪರೀಕ್ಷೆ ಬರೆಯುವವರು. ನಾಳೆ ಠಾಣೆಯಲ್ಲಿ ದೂರು ಬರೆದುಕೊಳ್ಳುವವರು, ಹಬ್ಬದ ಮುಂಚೆ ಶಾಂತಿ ಸಭೆ ನಡೆಸುವವರು ಇವರೇ. ಹಾಗಾಗಿ ಇದನ್ನು ಅಚ್ಚಿನ ತಪ್ಪು ಎಂದು ಬಿಟ್ಟುಬಿಡಲು ಆಗದು.

ಮೊದಲು 7ನೇ ಪ್ರಶ್ನೆ. 'ಜಿಹಾದ್ ಎಂದರೇನು?' ನಾಲ್ಕು ಆಯ್ಕೆಗಳು: ಪವಿತ್ರ ಯುದ್ಧ, ಉಪವಾಸ, ಪರಿಶ್ರಮ, ದಾನ. 'ಪವಿತ್ರ ಯುದ್ಧ' ಒತ್ತಿದರೆ ಹಸಿರು ಗುರುತು, ಒಂದು ಅಂಕ. 'ಪರಿಶ್ರಮ' ಒತ್ತಿದರೆ ಕೆಂಪು ಗುರುತು, ಕಾಲು ಅಂಕ ಕಡಿತ. ನಿಘಂಟಿನ ಪ್ರಕಾರ ಸರಿಯಾದ ಉತ್ತರ ಕೊಟ್ಟವನಿಗೇ ಇಲ್ಲಿ ದಂಡ. ಮನೆಯಲ್ಲಿ, ಮದರಸದಲ್ಲಿ ಸರಿ ಅರ್ಥ ಕಲಿತು ಬಂದ ಮುಸ್ಲಿಂ ವಿದ್ಯಾರ್ಥಿನಿ ಅಂಕಕ್ಕಾಗಿ ತನ್ನ ಧರ್ಮದ ಬಗ್ಗೆ ಸುಳ್ಳನ್ನೇ ಒತ್ತಬೇಕು. ಇದು ನಮಗೆ ತೀರಾ ನೋವು ಕೊಟ್ಟ ಸಂಗತಿ.

ಜಿಹಾದ್ ಹುಟ್ಟಿದ್ದು ಜ-ಹ-ದ ಧಾತುವಿನಿಂದ. ಅದರ ಅರ್ಥ ಶ್ರಮಿಸುವುದು, ಕೈಲಾದಷ್ಟೂ ಹೆಣಗುವುದು. ಶಿವಾಜಿನಗರದ ಯಾವ ಉರ್ದು ಭಾಷಣ ಕೇಳಿದರೂ 'ಜದ್ದೋಜಹದ್' ಕಿವಿಗೆ ಬೀಳುತ್ತದೆ. ನೀರಿಗಾಗಿ, ಶಾಲೆಗಾಗಿ ನಡೆಸುವ ಹೋರಾಟಕ್ಕೂ ಅದೇ ಮಾತು, ಧಾತುವೂ ಅದೇ. ಯುದ್ಧಕ್ಕೆ ಅರಬ್ಬಿಯಲ್ಲಿ 'ಹರ್ಬ್' ಎಂಬ ಪದವಿದೆ, ಕಾದಾಟಕ್ಕೆ 'ಕಿತಾಲ್' ಇದೆ. 'ಪವಿತ್ರ ಯುದ್ಧ' ಎಂಬ ಜೋಡಿ ಪದ ಕುರ್‌ಆನ್‌ನಲ್ಲಿ ಎಲ್ಲೂ ಇಲ್ಲ. ಅದು 1095ರಲ್ಲಿ ಪೋಪ್ ಎರಡನೇ ಅರ್ಬನ್ ಕರೆ ಕೊಟ್ಟ ಕ್ರುಸೇಡ್‌ನಂಥ ಯುದ್ಧಗಳಿಗೆ ಹೊಂದುವ ಮಾತು. ಇಂಗ್ಲಿಷ್ ದಾರಿಯಿಂದ ಬಂದು ನಿಮ್ಮ ಸ್ಲೈಡಿನಲ್ಲಿ ಕೂತಿದೆ. 25ನೇ ಅಧ್ಯಾಯದ 52ನೇ ಸೂಕ್ತ ಕುರ್‌ಆನ್‌ನ ಮೂಲಕವೇ 'ದೊಡ್ಡ ಜಿಹಾದ್' ನಡೆಸು ಎನ್ನುತ್ತದೆ. ಇದು ಮಕ್ಕಾ ಕಾಲದ ಸೂಕ್ತ. ಆಗ ಮುಸ್ಲಿಮರಿಗೆ ಆಯುಧ ಎತ್ತುವ ಅನುಮತಿಯೇ ಇರಲಿಲ್ಲ. ಯುದ್ಧವೇ ಜಿಹಾದ್ ಆಗಿದ್ದರೆ ಈ ಸೂಕ್ತಕ್ಕೆ ಅರ್ಥವೇ ಇರುತ್ತಿರಲಿಲ್ಲ. ಯುದ್ಧಕ್ಕೆ ಹೊರಡಲು ಅನುಮತಿ ಕೇಳಿ ಬಂದವನನ್ನು ಪ್ರವಾದಿ ಮುಹಮ್ಮದ್ 'ತಂದೆ ತಾಯಿ ಇದ್ದಾರೆಯೇ?' ಎಂದು ಕೇಳಿ, 'ಹಾಗಾದರೆ ಅವರ ಸೇವೆಯಲ್ಲೇ ಜಿಹಾದ್ ಮಾಡು' ಎಂದು ಕಳಿಸಿದ್ದು ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ (ಪ್ರವಾದಿಯ ನುಡಿ ನಡೆಗಳ ವರದಿ) ಸಂಗ್ರಹಗಳಲ್ಲಿದೆ. ಕಾದಾಟವೂ ಜಿಹಾದ್‌ನ ಒಂದು ಭಾಗ ಹೌದು, ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ಷರತ್ತುಗಳು ಬಿಗಿಯಾಗಿ ಸುತ್ತಿಕೊಂಡಿರುವುದು ಆ ಭಾಗವನ್ನೇ. ನೀವು ಕೈಬಿಟ್ಟಿದ್ದೂ ಅವನ್ನೇ.

9ನೇ ಸ್ಲೈಡ್ ಎಲ್ಲಕ್ಕಿಂತ ಅಪಾಯಕಾರಿ. 'ಜಿಹಾದ್ ಘೋಷಿಸುವ ಅಧಿಕಾರ ಇಮಾಮ್‌ಗೆ' ಎಂಬ ಸಾಲು, ಪಕ್ಕದಲ್ಲಿ ಮಸೀದಿಯ ಮಿನಾರು, ಕೆಳಗೆ ಮೈಕ್ ಹಿಡಿದ ಗಡ್ಡಧಾರಿಯ ಚಿತ್ರ. ನಮ್ಮ ಬೀದಿಯಲ್ಲಿ ಇಮಾಮ್ ಎಂದರೆ ಐದು ಹೊತ್ತು ನಮಾಜ್ ಮಾಡಿಸುವವರು, ತಿಂಗಳ ಸಂಬಳಕ್ಕೆ ದುಡಿಯುವವರು. ಫಿಖ್ಹ್ ಗ್ರಂಥಗಳ ಜಿಹಾದ್ ಅಧ್ಯಾಯದಲ್ಲಿ ಬರುವ ಇಮಾಮ್ ಬೇರೆ. ಅಲ್ಲಿ ಆ ಪದಕ್ಕೆ ರಾಷ್ಟ್ರದ ಮುಖ್ಯಸ್ಥ, ಸೈನ್ಯ, ಖಜಾನೆ ಮತ್ತು ಒಪ್ಪಂದಗಳ ಹೊಣೆ ಹೊತ್ತವನು ಎಂದರ್ಥ. 'ಇಮಾಮ್ ಒಂದು ಗುರಾಣಿ, ಅವನ ಹಿಂದೆ ನಿಂತೇ ಹೋರಾಡಬೇಕು' ಎಂಬ ಹದೀಸ್ ಹೇಳುವುದು ಇವನನ್ನೇ. 1223ರಲ್ಲಿ ತೀರಿಕೊಂಡ ಹಂಬಲೀ ನ್ಯಾಯಪಂಥದ ಪಂಡಿತ ಇಬ್ನ್ ಖುದಾಮ ಜಿಹಾದ್‌ನ ನಿರ್ಧಾರ ಇಮಾಮನಿಗೂ ಅವನ ವಿವೇಚನೆಗೂ ಬಿಟ್ಟದ್ದು ಎಂದು ಬರೆದದ್ದೂ ಇದೇ ಅರ್ಥದಲ್ಲಿ. ವ್ಯಕ್ತಿ, ಗುಂಪು, ಸಂಘಟನೆ, ಮಸೀದಿ ಇವರಾರಿಗೂ ಯುದ್ಧ ಸಾರುವ ಹಕ್ಕಿಲ್ಲ. ಇದೇ ಮೊದಲ ಷರತ್ತು. ನಿಮ್ಮ ಚಿತ್ರ ಇದನ್ನು ತಲೆಕೆಳಗು ಮಾಡಿದೆ. ಈ ಸ್ಲೈಡ್ ನೋಡಿ ಬೆಳೆದ ಅಧಿಕಾರಿ ಬೀದಿ ಮಸೀದಿಯ ಬಡ ಇಮಾಮರನ್ನು ಯಾವ ಕಣ್ಣಿನಿಂದ ನೋಡಿಯಾರು?

ಎರಡನೆಯದು ಕಾರಣ. ಮಕ್ಕಾದಲ್ಲಿ 13 ವರ್ಷ ಹಿಂಸೆ ಸಹಿಸಿದ ಮೇಲೆ ಬಂದ ಮೊದಲ ಅನುಮತಿ ಕುರ್‌ಆನ್‌ನ 22:39, ಅಂದರೆ 22ನೇ ಅಧ್ಯಾಯದ 39ನೇ ಸೂಕ್ತ. ಯಾರ ಮೇಲೆ ಯುದ್ಧ ಹೇರಲಾಗಿದೆಯೋ ಅವರಿಗೆ, ಅವರಿಗೆ ಅನ್ಯಾಯವಾಗಿರುವುದರಿಂದ, ಅನುಮತಿ ಕೊಡಲಾಗಿದೆ ಎಂಬುದು ಅದರ ಸಾರ. ಮುಂದಿನ ಸೂಕ್ತವನ್ನು ಪಾಠ ಬರೆದವರು ಓದಿರಲಾರರು: ಹೀಗೆ ತಡೆಯದಿದ್ದರೆ ಸನ್ಯಾಸಿ ಮಠಗಳು, ಚರ್ಚುಗಳು, ಯಹೂದಿ ಮಂದಿರಗಳು, ಮಸೀದಿಗಳು ನೆಲಸಮವಾಗುತ್ತಿದ್ದವು ಎನ್ನುತ್ತದೆ ಅದು. ಮಸೀದಿಯ ಹೆಸರು ಆ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ನಿಮ್ಮ ಮೇಲೆ ಯುದ್ಧ ಮಾಡುವವರ ಜೊತೆ ಯುದ್ಧ ಮಾಡಿ, ಮಿತಿ ಮೀರಬೇಡಿ ಎನ್ನುವುದು 2:190. ಮತ ಒಪ್ಪಿಸಲು ಯುದ್ಧವಿಲ್ಲ, ಏಕೆಂದರೆ ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂದು 2:256 ಹೇಳುತ್ತದೆ. ಎದುರಾಳಿ ಶಾಂತಿಯತ್ತ ವಾಲಿದರೆ ನೀನೂ ವಾಲು ಎನ್ನುತ್ತದೆ 8:61.

ಮೂರನೆಯದು ಒಪ್ಪಂದ. ಇಂದಿನ ಬದುಕಿಗೆ ಹೆಚ್ಚು ಹತ್ತಿರವಾದ ಷರತ್ತು ಇದು. ಕ್ರಿ.ಶ. 624ರ ಬದ್ರ್ ಯುದ್ಧದಲ್ಲಿ ಮುಸ್ಲಿಮರು ಮುನ್ನೂರು ಚಿಲ್ಲರೆ, ಎದುರಿಗೆ ಸುಮಾರು ಸಾವಿರ. ಒಬ್ಬೊಬ್ಬ ಆಳೂ ಬೇಕಿದ್ದ ಹೊತ್ತು. ದಾರಿಯಲ್ಲಿ ಎದುರಾಳಿಗಳಾದ ಮಕ್ಕಾದ ಕುರೈಷ ಕುಲದವರ ಕೈಗೆ ಸಿಕ್ಕಿದ್ದ ಪ್ರವಾದಿಯ ಸಂಗಾತಿ ಹುದೈಫಾ ಮತ್ತು ಅವರ ತಂದೆ, ಯುದ್ಧದಲ್ಲಿ ಸೇರುವುದಿಲ್ಲ ಎಂದು ಮಾತು ಕೊಟ್ಟು ಬಿಡಿಸಿಕೊಂಡು ಬಂದಿದ್ದರು. ವಿಷಯ ತಿಳಿದ ಪ್ರವಾದಿ ಇಬ್ಬರನ್ನೂ ಹಿಂದಕ್ಕೆ ಕಳಿಸಿದರು. ಶತ್ರುವಿಗೆ, ಅದೂ ಬಲವಂತಕ್ಕೆ ಕೊಟ್ಟ ಮಾತನ್ನೂ ಉಳಿಸಿಕೊಂಡ ಪ್ರಸಂಗ ಇದು. 628ರಲ್ಲಿ ಕುರೈಷರೊಡನೆ ಹುದೈಬಿಯ್ಯಾ ಒಪ್ಪಂದ ಆದ ಹೊತ್ತಿಗೆ, ಮಕ್ಕಾದಲ್ಲಿ ಸೆರೆಯಲ್ಲಿದ್ದ ಮುಸ್ಲಿಂ ಅಬೂ ಜಂದಲ್ ಕಾಲಿನ ಬೇಡಿ ಎಳೆಯುತ್ತ ಬಂದು ಆಸರೆ ಕೇಳಿದರೂ ಕರಾರಿನಂತೆ ಅವರನ್ನು ಮಕ್ಕಾದವರಿಗೆ ಮರಳಿಸಲಾಯಿತು. 8:72 ಇನ್ನೂ ಮುಂದೆ ಹೋಗುತ್ತದೆ: ಬೇರೆಡೆಯ ಮುಸ್ಲಿಮರು ನೆರವು ಕೇಳಿದರೆ ಕೊಡಬೇಕು, ಆದರೆ ನಿಮ್ಮೊಡನೆ ಒಪ್ಪಂದವಿರುವ ಜನರ ವಿರುದ್ಧ ಕೊಡಕೂಡದು. ಪೌರತ್ವ, ಸಂವಿಧಾನ, ವೀಸಾ ಇವನ್ನೆಲ್ಲ ಇಂದಿನ ಉಲಮಾಗಳು, ಅಂದರೆ ಧರ್ಮಪಂಡಿತರು, ಈ ಒಪ್ಪಂದದ ಸಾಲಿಗೇ ಸೇರಿಸುತ್ತಾರೆ. ಭಾರತದ ಪೌರನೊಬ್ಬ ತನ್ನ ನೆರೆಯವನ ಮೇಲೆ ಕೈ ಎತ್ತಿ ಅದಕ್ಕೆ ಜಿಹಾದ್ ಎಂದು ಹೆಸರಿಟ್ಟರೆ ಮೊದಲ ಷರತ್ತೂ ಮುರಿಯಿತು, ಮೂರನೆಯದೂ ಮುರಿಯಿತು. 2008ರ ಫೆಬ್ರವರಿಯಲ್ಲಿ ದೇವಬಂದ್‌ನ ದಾರುಲ್ ಉಲೂಮ್ ಮದರಸ, ಭಯೋತ್ಪಾದನೆ ಇಸ್ಲಾಂಗೆ ವಿರುದ್ಧ ಎಂದು ಸಾರಿತು. ಅದೇ ವರ್ಷ ಮುಂಬೈ ದಾಳಿಯಲ್ಲಿ ಸತ್ತ ಒಂಬತ್ತು ದಾಳಿಕೋರರಿಗೆ ಅಲ್ಲಿನ ಮುಸ್ಲಿಮರು ಖಬರ್‌ಸ್ಥಾನದಲ್ಲಿ ಜಾಗ ಕೊಡಲಿಲ್ಲ. ಇವೆರಡೂ ನಿಮ್ಮ ಪಾಠದಲ್ಲಿಲ್ಲ.

ಕಾದಾಟದ ಜಿಹಾದ್ ಯಾರ ಮೇಲೆ ಕಡ್ಡಾಯ ಎಂಬುದಕ್ಕೂ ಲೆಕ್ಕವಿದೆ. ಸಾಮಾನ್ಯವಾಗಿ ಇದು ಫರ್ಝ್ ಕಿಫಾಯ, ಅಂದರೆ ಸಾಕಷ್ಟು ಜನ ಮಾಡಿದರೆ ಉಳಿದವರ ಹೊಣೆ ಇಳಿಯುತ್ತದೆ. 12ನೇ ಸ್ಲೈಡ್ 'ಪ್ರತಿ ಮುಸ್ಲಿಮನ ಕಡ್ಡಾಯ ಕರ್ತವ್ಯ' ಎಂದದ್ದು ಹಸಿ ತಪ್ಪು. ಎಲ್ಲರೂ ಒಟ್ಟಿಗೆ ಹೊರಡಕೂಡದು, ಕೆಲವರು ಧರ್ಮಜ್ಞಾನ ಕಲಿಯಲು ಉಳಿಯಬೇಕು ಎಂದು 9:122 ಹೇಳುತ್ತದೆ. ವೈಯಕ್ತಿಕ ಕಡ್ಡಾಯವಾಗುವುದು ಮೂರೇ ಸಂದರ್ಭಗಳಲ್ಲಿ: ಸೈನ್ಯಗಳು ಮುಖಾಮುಖಿಯಾದಾಗ, ಶತ್ರು ಊರೊಳಗೆ ನುಗ್ಗಿದಾಗ, ರಾಷ್ಟ್ರದ ಮುಖ್ಯಸ್ಥ ಹೆಸರಿಟ್ಟು ಕರೆದಾಗ. ಇಬ್ನ್ ಖುದಾಮ ಏಳು ಷರತ್ತು ಎಣಿಸುತ್ತಾರೆ: ಮುಸ್ಲಿಮನಾಗಿರಬೇಕು, ಪ್ರಾಯಕ್ಕೆ ಬಂದಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಗುಲಾಮನಾಗಿರಬಾರದು, ಗಂಡಸಾಗಿರಬೇಕು, ಮೈಯಲ್ಲಿ ಊನ ರೋಗ ಇರಬಾರದು, ತನ್ನ ಖರ್ಚಿಗೂ ತಾನಿಲ್ಲದ ದಿನಗಳಲ್ಲಿ ಮನೆಯವರ ಖರ್ಚಿಗೂ ಸಾಕಷ್ಟು ಇರಬೇಕು. ಇದರ ಮೇಲೆ ತಂದೆ ತಾಯಿಯ ಒಪ್ಪಿಗೆ ಬೇಕು, ಸಾಲವಿದ್ದರೆ ಸಾಲಕೊಟ್ಟವನ ಒಪ್ಪಿಗೆಯೂ ಬೇಕು. ಉಹುದ್ ಯುದ್ಧಕ್ಕೆ ಬಂದ 14 ವರ್ಷದ ಇಬ್ನ್ ಉಮರ್‌ರನ್ನು ಪ್ರವಾದಿ ಮನೆಗೆ ಕಳಿಸಿದರು; 15 ತುಂಬಿದ ಮೇಲೆ ಖಂದಕ್ ಯುದ್ಧದಲ್ಲಷ್ಟೇ ಸೇರಿಸಿಕೊಂಡರು. ಅಂತರ್ಜಾಲದಲ್ಲಿ ಹುಡುಗರನ್ನು ಮರುಳು ಮಾಡುವವರ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕೆ? ಅದನ್ನು ಕಲಿಸಬೇಕಾದ ಜಾಗದಲ್ಲಿ ನೀವು ಅವರ ಮಾತನ್ನೇ ಪಾಠ ಮಾಡಿಟ್ಟಿದ್ದೀರಿ.

ಯುದ್ಧ ನಡೆಯುವಾಗಿನ ನಿಯಮಗಳಿಗೆ ಮೊದಲ ಖಲೀಫ ಅಬೂಬಕರ್ ಸಿರಿಯಾಕ್ಕೆ ಹೊರಟ ದಂಡನಾಯಕನಿಗೆ ಕೊಟ್ಟ ಹತ್ತು ಸೂಚನೆಗಳನ್ನು ಹಾಕಿದರೆ ಸಾಕು: ಹೆಂಗಸು, ಮಗು, ಮುದುಕರನ್ನು ಕೊಲ್ಲಬೇಡ, ಹಣ್ಣಿನ ಮರ ಕಡಿಯಬೇಡ, ಜನವಸತಿ ಹಾಳುಗೆಡವಬೇಡ, ತಿನ್ನುವುದಕ್ಕಲ್ಲದೆ ಕುರಿ ಒಂಟೆ ಕಡಿಯಬೇಡ, ಹೀಗೆ ಸಾಗುತ್ತದೆ ಪಟ್ಟಿ. ಮಠದಲ್ಲಿ ದೇವರಿಗೆ ತಮ್ಮನ್ನು ಒಪ್ಪಿಸಿಕೊಂಡವರನ್ನು ಅವರ ಪಾಡಿಗೆ ಬಿಡು ಎಂಬ ಮಾತೂ ಜೊತೆಗಿದೆ. ಹೆಣಗಳ ಅಂಗಛೇದ, ವಚನಭಂಗ, ಕೂಲಿಯಾಳುಗಳ ಹತ್ಯೆ ಇವನ್ನು ಹದೀಸ್‌ಗಳು ನಿಷೇಧಿಸುತ್ತವೆ. ಸೆರೆಸಿಕ್ಕವರನ್ನು ಉಪಕಾರವಾಗಿ ಇಲ್ಲವೇ ಒತ್ತೆಹಣ ಪಡೆದು ಬಿಟ್ಟುಬಿಡಲು 47:4 ಹೇಳುತ್ತದೆ. ನಿಮ್ಮನ್ನು ನೀವೇ ಕೊಂದುಕೊಳ್ಳಬೇಡಿ ಎಂಬ 4:29 ಇರುವಾಗ ಆತ್ಮಾಹುತಿ ದಾಳಿಗೆ ಈ ಶಾಸ್ತ್ರದಲ್ಲಿ ಜಾಗ ಹುಡುಕುವುದು ಕಷ್ಟ.

14ನೇ ಸ್ಲೈಡಿನಲ್ಲಿ 9:5ನ್ನು ಉದ್ಧರಿಸಿದ ರೀತಿ ನೋಡಿ. ಮೊದಲಿಗೆ ಮೂರು ಚುಕ್ಕಿ, ನಡುವೆ 'ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿ', ಕೊನೆಗೆ ಮತ್ತೆ ಮೂರು ಚುಕ್ಕಿ. ಆ ಆರು ಚುಕ್ಕಿಗಳ ಒಳಗೆ ಏನಿತ್ತು? ಮೊದಲ ಮೂರರಲ್ಲಿ 'ನಿಷಿದ್ಧ ತಿಂಗಳುಗಳು ಕಳೆದ ಬಳಿಕ' ಎಂಬ ಕಾಲದ ಗಡುವು. ಕೊನೆಯ ಮೂರರಲ್ಲಿ, ಅವರು ಪಶ್ಚಾತ್ತಾಪಪಟ್ಟು ನಮಾಜ್ ಸ್ಥಾಪಿಸಿ ಝಕಾತ್ (ಕಡ್ಡಾಯ ದಾನ) ಕೊಟ್ಟರೆ ಅವರ ದಾರಿ ಬಿಟ್ಟುಬಿಡಿ ಎಂಬ ಮಾತು. ಹಿಂದಿನ ಸೂಕ್ತ 9:4, ಒಪ್ಪಂದ ಮುರಿಯದ ಬಹುದೇವಾರಾಧಕರನ್ನು ಮುಟ್ಟಕೂಡದು, ಅವಧಿ ಮುಗಿಯುವವರೆಗೂ ಕರಾರು ಪಾಲಿಸಿ ಎನ್ನುತ್ತದೆ. ಮುಂದಿನದು 9:6: ಅವರಲ್ಲಿ ಯಾರಾದರೂ ಆಶ್ರಯ ಕೇಳಿದರೆ ಕೊಡು, ದೇವರ ಮಾತು ಕೇಳಿಸು, ಬಳಿಕ ಅವನನ್ನು ಅವನಿಗೆ ಸುರಕ್ಷಿತವಾದ ಜಾಗಕ್ಕೆ ತಲುಪಿಸು. ಪ್ರಮಾಣ ಮುರಿದವರು, ಮೊದಲು ಕೈ ಎತ್ತಿದವರು ಎಂದು 9:13 ಆ ಜನರನ್ನು ಗುರುತಿಸಿಯೇ ಹೇಳುತ್ತದೆ. ತಲೆ ಬಾಲ ಎರಡೂ ಕತ್ತರಿಸಿದ ವಾಕ್ಯವನ್ನು ಉದ್ಧರಣೆ ಎನ್ನಲಾಗದು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಮಧ್ಯಯುಗದ ಫಿಖ್ಹ್ ಗ್ರಂಥಗಳಲ್ಲಿ ಗಡಿಯಾಚೆ ದಂಡು ಕಳಿಸುವ ಚರ್ಚೆಯಿದೆ, ದಾರುಲ್ ಇಸ್ಲಾಂ (ಇಸ್ಲಾಂ ಆಳ್ವಿಕೆಯ ನಾಡು), ದಾರುಲ್ ಹರ್ಬ್ (ಯುದ್ಧದ ನಾಡು) ಎಂಬ ವಿಂಗಡಣೆಯೂ ಇದೆ. ಈ ಎರಡು ಪದಗಳು ಕುರ್‌ಆನ್‌ನವಲ್ಲ. ಸಾಮ್ರಾಜ್ಯಗಳ ನಡುವೆ ಯುದ್ಧವೇ ವಾಡಿಕೆಯಾಗಿದ್ದ ಕಾಲದ ನ್ಯಾಯಪಂಡಿತರವು. ಯುದ್ಧಕ್ಕೆ ಕಾರಣ ಎದುರಾಳಿಯ ಆಕ್ರಮಣವೋ ಅವಿಶ್ವಾಸವೋ ಎಂಬುದರಲ್ಲಿ ಅವರ ನಡುವೆಯೇ ಭಿನ್ನಮತವಿತ್ತು. ಆಕ್ರಮಣವೇ ಕಾರಣ ಎಂಬುದು ಹನಫೀ, ಮಾಲಿಕೀ ನ್ಯಾಯಪಂಥಗಳವರು ಸೇರಿ ಬಹುಪಾಲು ಪಂಡಿತರ ನಿಲುವು, ಶಾಫಿಈ ಪಂಥದಲ್ಲಿ ಇನ್ನೊಂದು ಅಭಿಪ್ರಾಯ ಬಲವಾಗಿತ್ತು. ಈಜಿಪ್ಟ್‌ನ ಅಝ್ಹರ್ ವಿದ್ಯಾಕೇಂದ್ರದ ಮುಖ್ಯಸ್ಥರಾಗಿದ್ದ ಮಹಮೂದ್ ಶಲ್ತೂತ್‌ರಂಥ 20ನೇ ಶತಮಾನದ ವಿದ್ವಾಂಸರು ಆತ್ಮರಕ್ಷಣೆಯ ಪಕ್ಷವನ್ನು ಖಚಿತವಾಗಿ ಎತ್ತಿಹಿಡಿದರು. ಪರೀಕ್ಷೆಗೆ ಓದುವವರಿಗೆ ಇಷ್ಟೂ ತಿಳಿಯಬೇಕು.

ನಮ್ಮ ಪರವಾದ ತಪ್ಪನ್ನೂ ತಿದ್ದಿಕೊಳ್ಳಿ. 17ನೇ ಸ್ಲೈಡಿನಲ್ಲಿ 'ಸಣ್ಣ ಜಿಹಾದ್‌ನಿಂದ ದೊಡ್ಡ ಜಿಹಾದ್‌ಗೆ ಮರಳಿದೆವು' ಎಂಬುದನ್ನು ಪ್ರಮಾಣೀಕೃತ ಹದೀಸ್ ಎಂದಿದ್ದೀರಿ. ಅದರ ನಿರೂಪಕರ ಸರಪಳಿ ದುರ್ಬಲ; ಹದೀಸ್ ಪಂಡಿತ ಇಬ್ನ್ ಹಜರ್ ಅದನ್ನು ಇಬ್ರಾಹೀಮ್ ಇಬ್ನ್ ಅಬೀ ಅಬ್ಲಾ ಎಂಬವರ ಮಾತು ಎಂದಿದ್ದಾರೆ. ಅದರ ಬದಲು ತಿರ್ಮಿಝಿ ಸಂಗ್ರಹದಲ್ಲಿರುವ 'ತನ್ನ ಮನಸ್ಸಿನೊಡನೆ ಹೋರಾಡುವವನೇ ಮುಜಾಹಿದ್ (ಜಿಹಾದ್ ಮಾಡುವವನು)' ಎಂಬ ಹದೀಸನ್ನೂ 'ದಬ್ಬಾಳಿಕೆಯ ದೊರೆಯೆದುರು ನ್ಯಾಯದ ಮಾತಾಡುವುದು ಶ್ರೇಷ್ಠ ಜಿಹಾದ್' ಎಂಬುದನ್ನೂ ಬಳಸಬಹುದು.

ನಮ್ಮ ಬೇಡಿಕೆಗಳು ಇಷ್ಟು. 7ನೇ ಪ್ರಶ್ನೆಯ ಕೀ ಉತ್ತರವನ್ನು ಇಂದೇ ತಡೆಹಿಡಿದು 'ಪರಿಶ್ರಮ' ಎಂದು ತಿದ್ದಿ, ಅಂಕ ಕಳೆದುಕೊಂಡವರಿಗೆ ಮರಳಿಸಿ. 9, 12 ಮತ್ತು 14ನೇ ಸ್ಲೈಡ್‌ಗಳನ್ನು ತಿದ್ದುವವರೆಗೆ ತೆಗೆದುಹಾಕಿ. 9ನೆಯದರ ಚಿತ್ರ ಮತ್ತೆ ಬರಕೂಡದು. ಕುರ್‌ಆನ್ ಸೂಕ್ತಗಳನ್ನು ಪೂರ್ತಿಯಾಗಿ, ಹಿಂದು ಮುಂದಿನ ಸೂಕ್ತಗಳ ಸಮೇತ ಹಾಕಿ. ಇಂಗ್ಲಿಷ್‌ನಿಂದ ಯಂತ್ರಾನುವಾದ ಮಾಡಿಸುವ ಬದಲು ಅರಬ್ಬಿ ಬಲ್ಲ ಕನ್ನಡಿಗರಿಂದ ಪಾಠ ಪರಿಶೀಲಿಸಿ. ಆ ಕೆಲಸವನ್ನು ಹಣ ಪಡೆಯದೆ ಮಾಡಿಕೊಡಲು ನಾವು ಸಿದ್ಧ. ಈಗಾಗಲೇ ಪಾಠ ಮುಗಿಸಿದ ಚಂದಾದಾರರಿಗೆ ಆ್ಯಪ್ ಒಳಗೇ ತಿದ್ದುಪಡಿಯ ಸೂಚನೆ ಕಳಿಸಿ.

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಉತ್ತರ ಬಾರದಿದ್ದರೆ 1915 ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಬಳಿಕ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ.

ಲಗತ್ತು: 18 ಸ್ಲೈಡ್‌ಗಳ ಸ್ಕ್ರೀನ್‌ಶಾಟ್, 10 ಪ್ರಶ್ನೆಗಳ ಕೀ ಉತ್ತರ, ಸ್ಲೈಡ್‌ವಾರು ತಿದ್ದುಪಡಿ ಪಟ್ಟಿ, ಚಂದಾ ರಸೀದಿಯ ಪ್ರತಿ.

ಇಂತಿ,
ಅರಬ್ಬಿ ಮತ್ತು ಫಿಖ್ಹ್ ಅಧ್ಯಾಪಕರು,
ಶಿವಾಜಿನಗರ ಮತ್ತು ಫ್ರೇಜರ್ ಟೌನ್, ಬೆಂಗಳೂರು